ನಡಿಗೆಗಲ್ಲ, ನಾಡಿದ್ದಿಗೆ

ಈ ಪ್ರಕರಣವನ್ನು ಬರೆಯಲು ವರ್ಷದಿಂದ ಹಿಂದೆಮುಂದೆ ನೋಡುತ್ತಿದ್ದೆ. ಕೋವಿಡ್ ಬಂದುಹೋದ ಮೇಲೆ ತಿಂಗಳುಗಟ್ಟಲೆ ಬಿಡದ ದಣಿವಿನ ಇಂಥದೇ ತೊಂದರೆ ಹೇಳಿಕೊಂಡು ಮನೋಚಿಕಿತ್ಸಕಿಯಾದ ನನ್ನ ಬಳಿ ಬರುವವರು ಹೆಚ್ಚಾಗಿದ್ದಾರೆ. ಅವರ ಜೊತೆಗೆ ಬರುವ ಮನೆಯವರ ಮಾತೂ ಒಂದೇ: "ಸ್ವಲ್ಪ ಮೈ ಬಗ್ಗಿಸಿದರೆ ಸರಿಹೋಗುತ್ತದೆ, ನೀವಾದರೂ ಹೇಳಿ ಮೇಡಂ." ಹಾಗಾಗಿ ಬರೆಯುತ್ತಿದ್ದೇನೆ. ಹೆಸರು, ವಿವರ ಬದಲಿಸಿದ್ದೇನೆ. ದಂಪತಿಯ ಒಪ್ಪಿಗೆ ಇದೆ.

ಅವರನ್ನು ಸುಮಾ ಎಂದು ಕರೆಯೋಣ. ಮದುವೆಯಾಗಿ ಇಂಗ್ಲೆಂಡಿಗೆ ಹೋದವರು, ಮೂವತ್ತರ ಕೊನೆಯ ವಯಸ್ಸು, ಒಬ್ಬಳು ಮಗಳು. 2018ರಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಸುಮಾ ಮಾತ್ರ ಚೇತರಿಸಿಕೊಳ್ಳಲಿಲ್ಲ. ಮರುವರ್ಷ ಅಲ್ಲಿಯ ಒಂದು ಚಿಕಿತ್ಸಾಲಯ ಇದನ್ನು ಕ್ರಾನಿಕ್ ಫಟೀಗ್ ಸಿಂಡ್ರೋಮ್ (ದೀರ್ಘಕಾಲದ ದಣಿವಿನ ರೋಗ) ಎಂದು ಗುರುತಿಸಿ, ದಿನದಿನಕ್ಕೆ ನಡಿಗೆ ಹೆಚ್ಚಿಸುವ ವೇಳಾಪಟ್ಟಿ ಕೊಟ್ಟಿತು. ಮೂರು ತಿಂಗಳಲ್ಲಿ ಅವರು ಹಾಸಿಗೆ ಹಿಡಿದರು. ಆಮೇಲೆ ರೋಗಿಗಳ ಸಂಘಟನೆಯೊಂದಕ್ಕೆ ಸೇರಿ, ರಾತ್ರಿಯೆಲ್ಲ ಸಂಶೋಧನಾ ಲೇಖನ ಓದುವುದು, ಮನವಿ ಬರೆಯುವುದು ಶುರುವಾಯಿತು. "ಕಾಯಿಲೆಯನ್ನೇ ಕಸುಬು ಮಾಡಿಕೊಂಡಿದ್ದಾಳೆ" ಎಂಬುದು ಪತಿಯ ಕೊರಗು. ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ಅತ್ತೆಯವರು "ಸುಸ್ತು ನಮಗೂ ಆಗುತ್ತದೆ" ಎಂದರಂತೆ. ಅತ್ತೆಯವರದು ತಪ್ಪೆಂದು ನಾನು ಹೇಳಲಾರೆ. ಸುಸ್ತು, ದಣಿವು, ಆಯಾಸ ಎಂಬ ನಮ್ಮ ಮಾತುಗಳೆಲ್ಲ ಮಲಗಿ ಎದ್ದರೆ ಹೋಗುವಂಥವಕ್ಕೆ ಇರುವಂಥವು. ಮಲಗಿ ಎದ್ದರೂ ಹೋಗದ ಇದಕ್ಕೂ ಅದೇ ಹೆಸರಿಟ್ಟುಬಿಟ್ಟಿದ್ದೇವೆ.

2023ರ ಆರಂಭದಲ್ಲಿ ಮೈಸೂರಿನಿಂದ ವಿಡಿಯೊ ಕರೆಯ ಮೂಲಕ ನಮ್ಮ ಭೇಟಿಗಳು ಮೊದಲಾದವು. ಎರಡನೆಯ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವರು ಹೊರಗೆ ಹೋಗಲು ಹಿಂಜರಿಯುವುದನ್ನು ಕೇಳಿ, "ನಡೆದರೆ ಏನೋ ಆಗಿಬಿಡುತ್ತದೆ ಎಂಬ ಭಯ ಕೂತಿರಬಹುದೇ?" ಎಂದು ಕೇಳಿದೆ. ಇದು ನಮ್ಮ ವೃತ್ತಿಯಲ್ಲಿ ನಾಲಿಗೆಯ ತುದಿಯಲ್ಲೇ ಇರುವ ಪ್ರಶ್ನೆ. ಸುಮಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಆಮೇಲೆ ಹೇಳಿದರು:

"ನನಗೆ ನಡಿಗೆಯ ಭಯ ಇಲ್ಲ ಮೇಡಂ. ನಾಡಿದ್ದಿನ ಭಯ. ಇವತ್ತು ನಡೆಯಬಲ್ಲೆ, ನಿಮಗೆ ತೋರಿಸಲೂ ಬಲ್ಲೆ. ನಾಡಿದ್ದು ನನ್ನನ್ನು ನೋಡುವವರು ಯಾರೂ ಇರುವುದಿಲ್ಲ."

ಆ ಮಾತು ನನ್ನನ್ನು ಹಲವು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು. ಆಗ ನನ್ನ ಬಳಿಗೆ ಬರುತ್ತಿದ್ದ ಒಬ್ಬ ಯುವಕನಿಗೆ ನಾನೇ ಇಂಥ ನಡಿಗೆಯ ಪಟ್ಟಿ ಬರೆದುಕೊಟ್ಟಿದ್ದೆ. ನಾಲ್ಕನೆಯ ವಾರಕ್ಕೆ ಅವನು ಬರುವುದು ನಿಲ್ಲಿಸಿದ. ಕಡತದಲ್ಲಿ "ಸಹಕಾರ ಸಾಲದು" ಎಂದು ಬರೆದು ಮುಚ್ಚಿಟ್ಟೆ. ಸುಮಾ ಹೇಳಿದ ನಾಡಿದ್ದನ್ನು, ಅಂದರೆ ಶ್ರಮದ ನಂತರ ಎಷ್ಟೋ ಸಲ ಒಂದೆರಡು ದಿನ ತಡವಾಗಿ ಬಂದು ಅಪ್ಪಳಿಸುವ ಈ ಕುಸಿತವನ್ನು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ವರದಿಯಲ್ಲೇ ರೋಗದ ಮುಖ್ಯ ಲಕ್ಷಣಗಳಲ್ಲಿ ಸೇರಿಸಿತ್ತು. ನಾನು ಅದನ್ನು ಓದಿದ್ದು ಬಹಳ ತಡವಾಗಿ.

ಮುಂದಿನ ಭೇಟಿಗೆ ಪತಿಯೂ ಬಂದು ಕುಳಿತರು. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಅವರದು. ಕೈಯಲ್ಲಿ ಒಂದು ಮುದ್ರಿತ ಲೇಖನ: 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ, ಈ ರೋಗದ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಬ್ರಿಟನ್ನಿನ ಪೇಸ್ ಪ್ರಯೋಗದ ವರದಿ. 641 ರೋಗಿಗಳು, ಸರ್ಕಾರಿ ಹಣ, ದೊಡ್ಡ ಹೆಸರುಗಳು. ಹಂತಹಂತದ ವ್ಯಾಯಾಮ ಅಥವಾ ಅರಿವು-ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಪಡೆದವರಲ್ಲಿ ಸುಮಾರು ನೂರಕ್ಕೆ ಅರವತ್ತು ಮಂದಿ ಸುಧಾರಿಸಿದರೆಂದು ಅದು ಹೇಳಿತ್ತು. 2013ರ ಇನ್ನೊಂದು ಲೇಖನ ನೂರಕ್ಕೆ 22 ಮಂದಿ ಗುಣಮುಖರಾದರು ಎಂದಿತು. "ವಿಜ್ಞಾನ ಹೀಗೆ ಹೇಳುತ್ತಿದೆ, ಇವಳು ಒಪ್ಪುವುದಿಲ್ಲ" ಎಂದರು ಪತಿ.

ಸುಮಾ ವಾದಕ್ಕಿಳಿಯಲಿಲ್ಲ. "ನಿಮ್ಮ ಕೆಲಸದ ಮಾತಿನಲ್ಲೇ ಕೇಳುತ್ತೇನೆ" ಎಂದು ಪತಿಯ ಕಡೆ ತಿರುಗಿದರು. "ದೈಹಿಕ ಸಾಮರ್ಥ್ಯಕ್ಕೆ ನೂರು ಅಂಕದ ಒಂದು ಅಳತೆ. 65 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಪ್ರಯೋಗಕ್ಕೆ ಸೇರುವಷ್ಟು ಕಾಯಿಲೆ ಎಂದು ಅರ್ಥ. ಗುಣವಾಗಿದೆ ಎನ್ನಲು 85 ಬೇಕು ಎಂದು ಮೊದಲು ಬರೆದಿದ್ದರು. ಆಮೇಲೆ ಅದನ್ನು 60ಕ್ಕೆ ಇಳಿಸಿದರು. ನೀವು ಇದಕ್ಕೆ ಸಹಿ ಹಾಕುತ್ತೀರಾ?"

ಪತಿ ಹಾಳೆ ತಿರುವಿದರು. ಮತ್ತೆ ತಿರುವಿದರು. "ಹಾಗಾದರೆ 65 ಇದ್ದು ಸೇರಿದವರು 60ಕ್ಕೆ ಇಳಿದರೂ ಈ ಅಳತೆಯಲ್ಲಿ ಪಾಸು" ಎಂದು ತಮಗೆ ತಾವೇ ಹೇಳಿಕೊಂಡರು. ಗುಣವಾಯಿತೆನ್ನಲು ಬೇರೆ ಷರತ್ತುಗಳೂ ಇದ್ದವು ಎಂಬುದನ್ನು ನಾನು ಸೇರಿಸಿದೆ. ಅವರು ತಲೆಯಾಡಿಸಿದರು, ಆದರೆ ಕಣ್ಣು ಆ ಎರಡು ಅಂಕಿಗಳ ಮೇಲೆಯೇ ಇತ್ತು. ಐದು ವರ್ಷಗಳಲ್ಲಿ ಅವರು ಹೆಂಡತಿಯ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು ಎಂದು ಸುಮಾ ಆಮೇಲೆ ನನಗೆ ತಿಳಿಸಿದರು.

ಸಂಶೋಧಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಫಲಿತಾಂಶ ನೋಡುವ ಮೊದಲೇ ಅಳತೆ ಬದಲಿಸಿದ್ದೇವೆ ಎಂಬುದು ಅವರ ಉತ್ತರ. ತಮ್ಮ ತೀರ್ಮಾನದ ಬೆನ್ನಿಗೆ ಅವರು ಈಗಲೂ ನಿಂತಿದ್ದಾರೆ. ಅವರನ್ನು ನಿಂದಿಸಿ ಬರೆದ ರೋಗಿಗಳೂ ಇದ್ದರು, ಅದು ತಪ್ಪು. ಆದರೆ ಮೂಲ ಅಂಕಿಅಂಶ ಕೇಳಿದ್ದು ತಪ್ಪಲ್ಲ. ಅಲೆಮ್ ಮ್ಯಾಥೀಸ್ ಎಂಬ ಆಸ್ಟ್ರೇಲಿಯದ ರೋಗಿ ಬ್ರಿಟನ್ನಿನ ಮಾಹಿತಿ ಹಕ್ಕಿನಡಿ ಅವನ್ನು ಕೇಳಿದರು. ಪ್ರಯೋಗದ ಹೊಣೆ ಹೊತ್ತಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲು ಒಪ್ಪದೆ ನ್ಯಾಯಮಂಡಳಿಗೆ ಹೋಯಿತು, 2016ರ ಆಗಸ್ಟ್‌ನಲ್ಲಿ ಸೋತಿತು. ಮೊದಲು ಬರೆದಿದ್ದ ಅಳತೆಯನ್ನೇ ಹಿಡಿದು ಲೆಕ್ಕ ಹಾಕಿದಾಗ ಗುಣಮುಖರು ಅರಿವು-ವರ್ತನಾ ಚಿಕಿತ್ಸೆಯಲ್ಲಿ ನೂರಕ್ಕೆ 7, ವ್ಯಾಯಾಮದಲ್ಲಿ 4. ಬರೀ ವೈದ್ಯರ ಸಾಮಾನ್ಯ ಆರೈಕೆ ಪಡೆದವರಲ್ಲೂ 3 ಇತ್ತು. ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿದ್ದ ಹಂತಹಂತದ ವ್ಯಾಯಾಮವನ್ನು 2021ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಅರಿವು-ವರ್ತನಾ ಚಿಕಿತ್ಸೆ ಈ ರೋಗವನ್ನು ಗುಣಪಡಿಸುವುದಿಲ್ಲ, ರೋಗದೊಂದಿಗೆ ಬದುಕುವ ಸಂಕಟಕ್ಕೆ ನೆರವಾಗಬಹುದು ಎಂದಿತು.

ಇದನ್ನು ಹೇಳಿದಾಗ ಇಬ್ಬರು ಸಹೋದ್ಯೋಗಿಗಳು ನನ್ನ ಮೇಲೆ ಬೇಸರಪಟ್ಟರು, ನಮ್ಮ ಕೈಯಲ್ಲಿರುವ ಸಾಧನವನ್ನೇ ಹೀಗಳೆಯುತ್ತಿದ್ದೀರಿ ಎಂದರು. ಅರಿವು-ವರ್ತನಾ ಚಿಕಿತ್ಸೆ ನನ್ನ ದಿನನಿತ್ಯದ ಕೆಲಸ. ಅದರಿಂದ ಜನ ಮನೆಯಿಂದ ಹೊರಗೆ ಬಂದದ್ದನ್ನು, ಮತ್ತೆ ಬಸ್ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಸ್ಸಿನ ಭಯ ಇರುವವರು ಬಸ್ ಹತ್ತಿ ಇಳಿದಾಗ ಏನೂ ಆಗಿರುವುದಿಲ್ಲ, ಚಿಕಿತ್ಸೆ ಫಲಿಸುವುದೇ ಆ ಕಾರಣಕ್ಕೆ. ಸುಮಾ ನಡೆದರೆ ನಿಜವಾಗಿಯೂ ಆಗುತ್ತದೆ. ಆಗುವುದನ್ನು ಆಗುವುದಿಲ್ಲ ಎಂದು ನಂಬಿಸಲು ಹೊರಟರೆ, ಆ ವ್ಯಕ್ತಿ ತನ್ನ ಮೈ ಕೊಡುವ ಸಾಕ್ಷ್ಯವನ್ನೇ ಅನುಮಾನಿಸಲು ಕಲಿಯುತ್ತಾಳೆ. ಆ ಕಲಿಕೆಯನ್ನು ನಾನು ಯಾರಿಗೂ ಕೊಡಲಾರೆ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಪತಿಗೆ: ಹೆಂಡತಿ ಎಷ್ಟು ಮಾಡಿದಳು ಎಂದು ಅದೇ ದಿನ ಅಳೆಯಬೇಡಿ, ಎರಡು ದಿನ ಕಳೆದ ಮೇಲೆ ಹೇಗಿದ್ದಾಳೆ ಎಂದು ಬರೆದಿಡಿ. ಅವರಿಗೆ ಇದು ಸಲೀಸಾಯಿತು. ಒಂದು ತಿಂಗಳ ಬಳಿಕ ಆ ಪಟ್ಟಿಯನ್ನು ತಾಯಿಯ ಮುಂದೆ ಅವರೇ ಓದಿದರು. ಸುಸ್ತು ಎಂಬ ಮಾತನ್ನು ಮನೆಯಲ್ಲಿ ಬಳಸುವುದನ್ನು ಬಿಟ್ಟರು.

ಸುಮಾ ಅವರಿಗೆ ಹೇಳಿದ್ದು ಹೆಚ್ಚು ಕಠಿಣವಾಗಿತ್ತು. ದಣಿಯುವ ಮೊದಲೇ ನಿಲ್ಲಿಸಬೇಕು, ಮನಸ್ಸಿನ ಶ್ರಮವೂ ಶ್ರಮವೇ, ಆದ್ದರಿಂದ ಹೋರಾಟದ ಓದು-ಬರಹಕ್ಕೂ ಮಿತಿ ಬೇಕು ಎಂದೆ. "ನೀವೂ ನನ್ನನ್ನು ಸುಮ್ಮನಿರಿಸುತ್ತಿದ್ದೀರಿ" ಎಂದು ಅತ್ತರು. ಬಿಡಿ ಎನ್ನುತ್ತಿಲ್ಲ, ಗಡಿಯಾರ ಇಟ್ಟುಕೊಂಡು ಮಾಡಿ ಎನ್ನುತ್ತಿದ್ದೇನೆ ಎಂದೆ. ಮ್ಯಾಥೀಸ್ ಅವರ ಆರೋಗ್ಯ ಆ ಕಾನೂನು ಹೋರಾಟದ ಬಳಿಕ ತೀರಾ ಹದಗೆಟ್ಟಿತೆಂಬುದನ್ನು ನನಗೆ ಹೇಳಿಕೊಟ್ಟವರೇ ಸುಮಾ. ಅದನ್ನೇ ಅವರಿಗೆ ನೆನಪಿಸಿದೆ. ದಿನಕ್ಕೆ ಇಪ್ಪತ್ತು ನಿಮಿಷ, ಮಲಗಿಕೊಂಡೇ, ರಾತ್ರಿ ಬೇಡ ಎಂದು ಒಪ್ಪಂದವಾಯಿತು.

ಇನ್ನೊಂದು ಮಾತಿನಲ್ಲಿ ನಾನು ಬಗ್ಗಲಿಲ್ಲ. ಆಗ ಅವರು ಒಂದು ದುಬಾರಿ ಖಾಸಗಿ ಚಿಕಿತ್ಸೆಗೆ ಹಣ ಕಟ್ಟಲು ಹೊರಟಿದ್ದರು. ಪೇಸ್ ಪ್ರಯೋಗಕ್ಕೆ ಕೇಳಿದ ಪ್ರಶ್ನೆಗಳನ್ನೇ ಇದಕ್ಕೂ ಕೇಳಿ ಎಂದೆ. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಕ್ಸ್ಎಂಆರ್‌ವಿ ಎಂಬ ವೈರಸ್ ಈ ರೋಗಕ್ಕೆ ಕಾರಣವಿರಬಹುದೆಂಬ ಸುದ್ದಿ ಬಂದಾಗ ರೋಗಿಗಳು ಕುಣಿದಾಡಿದ್ದರು. 2011ರಲ್ಲಿ ಆ ಲೇಖನವನ್ನೇ ಹಿಂತೆಗೆದುಕೊಳ್ಳಲಾಯಿತು. ನಾರ್ವೆಯ ವೈದ್ಯರು ರಿಟುಕ್ಸಿಮಾಬ್ ಔಷಧದ ಮೇಲೆ ದೊಡ್ಡ ಭರವಸೆ ಇಟ್ಟಿದ್ದರು. 151 ರೋಗಿಗಳ ಮೇಲೆ ತಾವೇ ಮಾಡಿದ ದೊಡ್ಡ ಪ್ರಯೋಗದಲ್ಲಿ ಅದು ಔಷಧಾಂಶವಿಲ್ಲದ ಹುಸಿ ಮದ್ದಿಗಿಂತ ಮೇಲಲ್ಲ ಎಂದು ಕಂಡಾಗ, 2019ರಲ್ಲಿ ಅದನ್ನೂ ತಾವೇ ಪ್ರಕಟಿಸಿದರು. ಸುಮಾ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಹಣವನ್ನಂತೂ ಕಟ್ಟಲಿಲ್ಲ.

ಅವರು ಗುಣವಾಗಿಲ್ಲ. ರಾತ್ರಿಯೂಟಕ್ಕೆ ಮಗಳ ಪಕ್ಕ ಕುಳಿತುಕೊಳ್ಳುವಷ್ಟಾಗಿದ್ದಾರೆ. ಕಳೆದ ಸಲ ನಾನು ಮುಂದಿನ ಭೇಟಿಯನ್ನು ಮಗಳ ಶಾಲೆಯ ಸಭೆ ಮುಗಿದ ಎರಡನೆಯ ದಿನಕ್ಕೆ ಗೊತ್ತುಮಾಡಿದ್ದೆ. "ಆ ದಿನ ಬೇಡ ಮೇಡಂ" ಎಂದು ಪತಿಯೇ ಅದನ್ನು ಒಂದು ವಾರ ಮುಂದಕ್ಕೆ ಹಾಕಿಸಿದರು.