ತೊಗರಿಗೆ ಹತ್ತು, ಜೋಳಕ್ಕೆ ಒಂದು

ಪ್ರಶ್ನೆ: ಮೇಡಂ, ನಾನು ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಗೆ ಸಾಮಾಜಿಕ ಅಸಮಾನತೆಯನ್ನು ಆಟದ ಮೂಲಕ ಹೇಳಿಕೊಡುವ ಆಸೆ. ತರಬೇತಿಯೊಂದರಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ‘ಮನೆಯಲ್ಲಿ ಪುಸ್ತಕ ಇದ್ದವರು ಒಂದು ಹೆಜ್ಜೆ ಮುಂದೆ, ಕೂಲಿಗಾಗಿ ಶಾಲೆ ತಪ್ಪಿಸಿದವರು ಒಂದು ಹೆಜ್ಜೆ ಹಿಂದೆ’ ಎಂದು ಆಡಿಸಿದ್ದರು. ಅದನ್ನೇ ಆಡಿಸಲೇ?
– ಒಬ್ಬ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ಗುರುಗಳೇ. ತಂದೆತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದ ಹುಡುಗಿ ಅಂಗಳದ ತುದಿಯಲ್ಲಿ ಒಬ್ಬಳೇ ನಿಂತು ಹೊಸದಾಗಿ ಕಲಿಯುವುದೇನಿದೆ? ಮುಂದೆ ನಿಂತವರ ಪಾಠಕ್ಕೆ ಅವಳ ಬದುಕು ಸಾಮಗ್ರಿಯಾಗುತ್ತದೆ, ಅಷ್ಟೇ. ಯಾರ ಮನೆ ಯಾವ ಓಣಿಯಲ್ಲಿದೆ ಎಂಬುದು ಊರಿಗೇ ಗೊತ್ತು.

ಅಸಮಾನತೆ ಆಟದ ನಿಯಮದಲ್ಲಿರಲಿ, ಮಕ್ಕಳ ಮೈಮೇಲೆ ಬೇಡ. ಅಮೆರಿಕದ ಗ್ಯಾರಿ ಶರ್ಟ್ಸ್ 1969ರಲ್ಲಿ ರೂಪಿಸಿದ ‘ಸ್ಟಾರ್‌ಪವರ್’ ಹೀಗಿದೆ: ಬಿಲ್ಲೆಗಳನ್ನು ಅದಲುಬದಲು ಮಾಡಿ ಅಂಕ ಗಳಿಸಬೇಕು, ಅಂಕದ ಪ್ರಕಾರ ಮೂರು ಗುಂಪು. ಮುಂದಿನ ಸುತ್ತಿನಲ್ಲಿ ಮೇಲಿನ ಗುಂಪಿಗೆ ಗುಟ್ಟಾಗಿ ಹೆಚ್ಚು ಬೆಲೆಯ ಬಿಲ್ಲೆಗಳು. ಆಮೇಲೆ ನಿಯಮ ಮಾಡುವ ಅಧಿಕಾರವೂ ಅವರಿಗೇ.

ಕಲಬುರಗಿಯಲ್ಲಿ ಕಲಿಸುತ್ತಿದ್ದಾಗ ನಾನು ಇದನ್ನು ಕಾಳುಗಳಲ್ಲಿ ಆಡಿಸುತ್ತಿದ್ದೆ. ತೊಗರಿಗೆ ಹತ್ತು ಅಂಕ, ಕಡಲೆಗೆ ಐದು, ಜೋಳಕ್ಕೆ ಒಂದು. (ಗಂಜ್ ಮಾರುಕಟ್ಟೆಯ ದರ ಕೇಳಬೇಡಿ.) ಮೊದಲ ಹಂಚಿಕೆ ಚೀಟಿ ಎತ್ತಿಯೇ ಆಗಬೇಕು. ಒಂದು ವರ್ಷ ಮೇಲಿನ ಗುಂಪು ಮಾಡಿದ ಮೊದಲ ನಿಯಮ: ‘ಜೋಳದವರು ನಮ್ಮ ಬೆಂಚಿಗೆ ಬರುವ ಮುನ್ನ ಅಪ್ಪಣೆ ಕೇಳಬೇಕು.’ ಬರೆದವನು ತರಗತಿಯಲ್ಲೇ ಅತಿ ಮೆತ್ತಗಿನ ಹುಡುಗ! ಕೆಳಗಿನ ಗುಂಪಿನ ಇಬ್ಬರು ಹುಡುಗಿಯರು ಕಾಳು ಕೆಳಗಿಟ್ಟು ಸುಮ್ಮನೆ ಕುಳಿತರು. ‘ಅವರಿಗೆ ಆಸಕ್ತಿಯೇ ಇಲ್ಲ ಟೀಚರ್’ ಎಂದು ಮೇಲಿನವರು ದೂರಿದರು. ಆ ಮಾತನ್ನೇ ಕರಿಹಲಗೆಯ ಮೇಲೆ ಬರೆದು ಚರ್ಚೆಗೆ ಬಿಟ್ಟೆ. ಮೋಸದ ಹಂಚಿಕೆಯ ಗುಟ್ಟನ್ನು ಹೇಳಿದ್ದು ಆಮೇಲೆ.

ಆಟಕ್ಕೆ ಒಂದು ಅವಧಿ ಕೊಟ್ಟರೆ ಮಾತಿಗೂ ಒಂದು ಪೂರ್ತಿ ಅವಧಿ ಕೊಡಿ. ಬೇಸರವಾದವರು ಮೊದಲು ಮಾತನಾಡಲಿ, ಗೆದ್ದವರು ಕಾಯಲಿ. ಮರುದಿನ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371(ಜೆ) ವಿಧಿಯನ್ನು ತೆಗೆದುಕೊಳ್ಳಿ. ನಿಯಮ ಬದಲಿಸಲು ಯಾರು, ಯಾರನ್ನು ಕೇಳಬೇಕಾಯಿತು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ.

ಕಾಳನ್ನು ಮಾತ್ರ ಮನೆಯಿಂದಲೇ ತನ್ನಿ. ಬಿಸಿಯೂಟದ ಕೋಣೆಯಿಂದ ತಂದರೆ ಅದಕ್ಕೂ ಲೆಕ್ಕ ಬರೆಯಬೇಕಾದೀತು.