ರಾಜನಿದ್ದೂ ಪ್ರಧಾನಿಯೇ ಆಳುವುದು ಹೇಗೆ?

ರಾಜನ ಒಪ್ಪಿಗೆ ಇಲ್ಲದೆ ಕಾನೂನಾಗದು ಎನ್ನುತ್ತಾರೆ, ಅವನಿಗೆ ಅಧಿಕಾರವಿಲ್ಲ ಎಂದೂ ಹೇಳುತ್ತಾರೆ. ಹಾಗಾದರೆ ಬ್ರಿಟನ್ನಿನಲ್ಲಿ ನಿಜಕ್ಕೂ ಆಳುವವರು ಯಾರು ಎಂದು ಕೇಳಿದ್ದೀರಿ. ಆಳುವವರು ಪ್ರಧಾನಿ ಮತ್ತು ಅವರ ಸಂಪುಟ. ಹೆಸರು ರಾಜನದು, ಹೊಣೆ ಅವರದು.

ನಾನು ಮದ್ದೂರಿನ ಕಡೆಯವನು. ಇದನ್ನು ನನಗೆ ಮೊದಲು ತಿಳಿಸಿಕೊಟ್ಟವರು ನಮ್ಮ ತಾತ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮಹಾರಾಜರ ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದಾಗ ಅವರು ಆ ಜನಸಂದಣಿಯಲ್ಲಿದ್ದ ಹುಡುಗ. ಅದೇ ತಾತ ನಡುಮನೆಯ ಗೋಡೆಯ ಮೇಲೆ ಗಾಂಧೀಜಿಯ ಪಕ್ಕದಲ್ಲೇ ನಾಲ್ವಡಿಯವರ ಪಟ ಹಾಕಿದ್ದರು. ಕನ್ನಂಬಾಡಿ ಕಟ್ಟೆಯ ನೀರು ನಮ್ಮ ಗದ್ದೆಗೆ ಬಂದದ್ದು ಅವರ ಕಾಲದಲ್ಲಿ. ಶುಕ್ರವಾರ ಬಂತೆಂದರೆ ಎರಡೂ ಪಟಗಳಿಗೆ ಕನಕಾಂಬರದ ದಂಡೆ.

"ಮಹಾರಾಜರ ಸರ್ಕಾರದ ವಿರುದ್ಧ ನಿಂತವರು ಅವರ ಪಟಕ್ಕೇ ಹೂ ಮುಡಿಸುತ್ತೀರಲ್ಲ ತಾತ?" ಎಂದು ಒಮ್ಮೆ ಕೇಳಿದೆ.

"ನಾವು ಕೇಳಿದ್ದು ಜವಾಬ್ದಾರಿ ಸರ್ಕಾರ ಕಣಪ್ಪ. ದೊರೆ ಇರಲಿ, ಆದರೆ ಆಡಳಿತ ನಡೆಸುವವರು ನಮಗೆ ಉತ್ತರ ಹೇಳಲಿ ಎಂದೆವು" ಎಂದರು.

ನಿಮ್ಮ ಪ್ರಶ್ನೆಯ ತಿರುಳು ಆ 'ಜವಾಬ್ದಾರಿ' ಎಂಬ ಪದದಲ್ಲೇ ಇದೆ. ಮೈಸೂರಿನಲ್ಲಿ 1881ರಲ್ಲೇ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ದಿವಾನರನ್ನು ಇಳಿಸುವಂತಿರಲಿಲ್ಲ. ಬ್ರಿಟನ್ನಿನಲ್ಲಿ ಪ್ರಧಾನಿಯನ್ನು ನೇಮಿಸುವುದು ರಾಜನೇ ಆದರೂ ಕೆಳಮನೆಯ ಬೆಂಬಲ ಯಾರಿಗಿದೆಯೋ ಅವರನ್ನೇ ಕರೆಯಬೇಕು. ಆ ಬೆಂಬಲ ತಪ್ಪಿದರೆ ರಾಜೀನಾಮೆ, ಇಲ್ಲವೇ ಚುನಾವಣೆ. 1979ರಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವಿಶ್ವಾಸ ನಿರ್ಣಯದಲ್ಲಿ 311-310ರಿಂದ, ಒಂದೇ ಒಂದು ಮತಕ್ಕೆ ಸೋತು ಚುನಾವಣೆಗೆ ಹೋಗಬೇಕಾಯಿತು. ರಾಣಿಗೆ ಅವರು ಬೇಕಾಗಿದ್ದರೇ ಬೇಡವಾಗಿದ್ದರೇ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಇನ್ನು ಒಪ್ಪಿಗೆಯ ವಿಚಾರ. ಬ್ರಿಟನ್ನಿನಲ್ಲಿ ಸಂಸತ್ತು ಅಂಗೀಕರಿಸಿದ ಮಸೂದೆಗೆ ದೊರೆ ಕೊನೆಯ ಬಾರಿ ಒಪ್ಪಿಗೆ ನಿರಾಕರಿಸಿದ್ದು 1708ರಲ್ಲಿ, ರಾಣಿ ಆನ್ ಕಾಲದಲ್ಲಿ. ರಾಜನಿಗೆ ಮನಸ್ಸಿಲ್ಲದಿದ್ದರೆ? 1990ರಲ್ಲಿ ಬೆಲ್ಜಿಯಂನಲ್ಲಿ ಇದೇ ಪ್ರಶ್ನೆ ಎದುರಾಯಿತು. ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಲು ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ದೊರೆ ಬೊದುವಾನ್ ತಿಳಿಸಿದರು. ದೊರೆ ಆಳುವ ಸ್ಥಿತಿಯಲ್ಲಿಲ್ಲ ಎಂದು ಘೋಷಿಸಿ ಮಂತ್ರಿಗಳೇ ಸಹಿ ಹಾಕಿದರು. ಒಂದೆರಡು ದಿನಗಳಲ್ಲಿ ಸಂಸತ್ತು ಅವರನ್ನು ಮತ್ತೆ ಸಿಂಹಾಸನಕ್ಕೆ ಕರೆತಂದಿತು. ಯಾರೂ ಯಾರನ್ನೂ ಅವಮಾನಿಸದೆ ಜನಪ್ರತಿನಿಧಿಗಳ ತೀರ್ಮಾನ ಜಾರಿಯಾಯಿತು. ಈ ಪ್ರಸಂಗ ನೆನೆದಾಗಲೆಲ್ಲ ಆ ರಾಜನ ಮೇಲೂ ಆ ಸಂಸತ್ತಿನ ಮೇಲೂ ನನಗೆ ಗೌರವ ಮೂಡುತ್ತದೆ.

ಎಲ್ಲ ದೇಶಗಳಲ್ಲೂ ಒಂದೇ ಪದ್ಧತಿಯಿಲ್ಲ. ಸ್ವೀಡನ್‌ನಲ್ಲಿ ಪ್ರಧಾನಿಯ ಹೆಸರನ್ನು ಸಂಸತ್ತಿನ ಮುಂದಿಡುವುದು ಸ್ಪೀಕರ್, ರಾಜನಿಗೆ ಆ ಕೆಲಸವೂ ಇಲ್ಲ. ಬ್ರಿಟನ್ನಿನ ರಾಜನಿಗೆ ಉಳಿದಿರುವುದು ಪ್ರಧಾನಿಯನ್ನು ಆಗಾಗ ಖಾಸಗಿಯಾಗಿ ಭೇಟಿಯಾಗಿ ಕೇಳುವ, ಎಚ್ಚರಿಸುವ ಹಕ್ಕು.

ನಮ್ಮಲ್ಲೂ ಇದಕ್ಕೆ ಹತ್ತಿರದ ಏರ್ಪಾಡು ಕೆಲಕಾಲ ಇತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಚಳವಳಿಯ ಬಳಿಕ 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸಂಪುಟ ಬಂತು, ಜಯಚಾಮರಾಜ ಒಡೆಯರು ಮಹಾರಾಜರಾಗಿಯೇ ಉಳಿದರು. 1950ರ ಜನವರಿ 26ರಂದು ಅವರು ರಾಜಪ್ರಮುಖರು, ಅಂದರೆ ರಾಜ್ಯಪಾಲರಂತೆ ರಾಜ್ಯದ ಔಪಚಾರಿಕ ಮುಖ್ಯಸ್ಥರು, ಆದರು. ನಮ್ಮ ನಡುಮನೆಯ ಎರಡು ಪಟಗಳು ಈಗಲೂ ಅಕ್ಕಪಕ್ಕದಲ್ಲೇ ಇವೆ.