ಹಿತ್ತಲಿನ ಮರಕ್ಕೆ ಬರುವ ಬೇಟೆಹಕ್ಕಿಯ ಚಿತ್ರ ಏಕೆ ಕಪ್ಪಾಗಿ ಬರುತ್ತದೆ?

ಹಿತ್ತಲಿನ ಮರಕ್ಕೆ ಬರುವ ಬೇಟೆಹಕ್ಕಿಯ ಚಿತ್ರ ಕಪ್ಪಾಗಿ ಬರುತ್ತದೆ, ಇದು ಲೆನ್ಸ್‌ನ ದೋಷವೇ ಎಂದು ಕೇಳಿದ್ದೀರಿ. ಜಯನಗರದ ನಿಮ್ಮ ಹಿತ್ತಲಿಗೆ ಬರುವ ಹಕ್ಕಿ, ನೀವು ವರ್ಣಿಸಿರುವ ಪಾರಿವಾಳದಷ್ಟು ಗಾತ್ರವನ್ನೂ ಎದೆಯ ಕಂದುಗೆಂಪು ಅಡ್ಡಪಟ್ಟೆಗಳನ್ನೂ ಗಮನಿಸಿದರೆ, ಬೆಂಗಳೂರಿನ ಆಕಾಶದಲ್ಲಿ ಸದಾ ಸುತ್ತುವ ಹದ್ದಲ್ಲ, ಬಹುಶಃ ಶಿಕ್ರಾ ಎಂಬ ಸಣ್ಣ ಗಿಡುಗ. ಚಿತ್ರ ಕಪ್ಪಾಗುವುದಕ್ಕೆ ಲೆನ್ಸ್ ಕಾರಣವಲ್ಲ. ಕೊಂಬೆಯ ಹಿಂದಿನ ಬೆಳ್ಳನೆಯ ಆಕಾಶವನ್ನು ಅಳೆಯುವ ಕ್ಯಾಮೆರಾ ಇಡೀ ದೃಶ್ಯದ ಬೆಳಕನ್ನೇ ತಗ್ಗಿಸುವುದರಿಂದ ಹಕ್ಕಿ ನೆರಳಿನಂತೆ ಕಾಣುತ್ತದೆ. ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಕ್ಯಾಮೆರಾದ ಸೆಟ್ಟಿಂಗ್ ಆದ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಅನ್ನು +1ಕ್ಕೆ, ಮೋಡ ಕವಿದಿದ್ದರೆ ಇನ್ನೂ ತುಸು ಮೇಲಕ್ಕೆ ಏರಿಸಿ, ಆಕಾಶ ಪೂರ್ತಿ ಬಿಳುಚಿಕೊಂಡರೂ ಚಿಂತಿಸಬೇಡಿ. ಕುಳಿತ ಹಕ್ಕಿಗೆ 1/500 ಸೆಕೆಂಡಿನ ಶಟರ್ ವೇಗ ಸಾಮಾನ್ಯವಾಗಿ ಸಾಕು. ಹಾರುವಾಗ 1/2000 ಬೇಕಾಗುತ್ತದೆ, ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಹೆಚ್ಚಿಸಲು ಹಿಂಜರಿಯಬಾರದು, ಏಕೆಂದರೆ ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ಅಳಿಲು, ಮೈನಾಗಳು ಒಮ್ಮೆಗೇ ಗಾಬರಿಯಿಂದ ಕೂಗತೊಡಗಿದರೆ ಶಿಕ್ರಾ ಬಂದಿರುವ ಸಾಧ್ಯತೆ ಹೆಚ್ಚು. ಆಗ ಅಂಗಳಕ್ಕೆ ಓಡದೆ ಮನೆಯೊಳಗಿನಿಂದಲೇ, ಲೆನ್ಸ್ ಹುಡ್ಡನ್ನು (ಲೆನ್ಸ್‌ನ ಮುಂತುದಿಗೆ ಹಾಕುವ ಮರೆ) ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಚಿತ್ರ ತೆಗೆಯಿರಿ. ಮಾಂಸದ ತುಂಡಿಟ್ಟು ಕರೆಯುವುದು ನನಗಂತೂ ಸರಿಯೆನಿಸದು. ಗೂಡು ಕಂಡರೆ ದೂರವೇ ಇರಿ: ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.